ಆನ್‌ಲೈನ್ ನಾಯಕತ್ವ ಕೋರ್ಸ್ ಮುಗಿಸಿದೆ, ಠಾಣೆಯಲ್ಲಿ ಏನೂ ಬದಲಾಗಲಿಲ್ಲ. ಯಾರಾದರೂ ನಿಜವಾಗಿ ಬಳಸಿದ್ದೀರಾ?

ಹೊಸ ಎಸ್ಐ
ಎಲ್ಲರಿಗೂ ನಮಸ್ಕಾರ. ನಾನು ಸಬ್ ಇನ್‌ಸ್ಪೆಕ್ಟರ್ ಆಗಿ ಇನ್ನೂ ಒಂದು ವರ್ಷ ಆಗಿಲ್ಲ. ನನ್ನ ಕೈಕೆಳಗೆ 14 ಜನ. ಅದರಲ್ಲಿ ನಾಲ್ವರ ಸರ್ವಿಸ್ ನನ್ನ ವಯಸ್ಸಿಗಿಂತ ಸ್ವಲ್ಪವೇ ಕಡಿಮೆ.

ಆರು ವಾರಗಳ ಆನ್‌ಲೈನ್ ನಾಯಕತ್ವ ಕೋರ್ಸ್ ಕಡ್ಡಾಯ ಅಂತ ಮೆಮೊ ಬಂತು, ಮಾಡಿದೆ. ಒಟ್ಟು 18 ಗಂಟೆ. ಸುಳ್ಳು ಹೇಳುವುದಿಲ್ಲ, ಕೋರ್ಸ್ ಚೆನ್ನಾಗಿಯೇ ಇತ್ತು. ತಂಡದ ಮಾತು ಕೇಳಿ, ಎಲ್ಲರ ಮುಂದೆ ಹೊಗಳಿ, ತಪ್ಪು ತೋರಿಸುವುದಿದ್ದರೆ ಒಬ್ಬರೇ ಇರುವಾಗ ಹೇಳಿ, ಈ ಥರ. ಪರೀಕ್ಷೆಯಲ್ಲಿ 92 ಬಂತು. ಸರ್ಟಿಫಿಕೇಟ್ ಡೌನ್‌ಲೋಡ್ ಆಯಿತು.

ಮರುದಿನ ಬೆಳಿಗ್ಗೆ ರೋಲ್ ಕಾಲ್‌ನಲ್ಲಿ ಉತ್ಸಾಹದಿಂದ ಕೇಳಿದೆ: "ರಾತ್ರಿ ಬೀಟ್ ಸುಧಾರಿಸಲು ನಿಮ್ಮ ಅಭಿಪ್ರಾಯ ಹೇಳಿ." ಎಲ್ಲರೂ ನೆಲ ನೋಡುತ್ತಾ ನಿಂತರು. ಕೊನೆಗೆ ಹಿರಿಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು, "ನೀವು ಹೇಳಿ ಸರ್, ನಾವು ಮಾಡ್ತೀವಿ" ಅಂದರು. ಹಿಂದೆ ಯಾರೋ ನಕ್ಕರು. ಅಲ್ಲಿಗೆ ನನ್ನ 18 ಗಂಟೆ ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ಇಂಥ ಕೋರ್ಸಿನಿಂದ ಒಂದೇ ಒಂದು ವಿಷಯವನ್ನು ಠಾಣೆಗೆ ತಂದು, ಅದು ಕೆಲಸ ಮಾಡಿದ್ದನ್ನು ಕಂಡವರು ಇದ್ದೀರಾ?

ರಾತ್ರಿಪಾಳಿ
92 ಬಂತಾ? ನೀವು ವಿಡಿಯೋ ನಿಜವಾಗಿ ನೋಡಿದ್ದೀರಿ ಅನ್ನಿ. ನಾವೆಲ್ಲ ಮ್ಯೂಟ್ ಮಾಡಿ, ಎರಡು ಪಟ್ಟು ಸ್ಪೀಡ್‌ನಲ್ಲಿ ಓಡಿಸಿ, ಪಕ್ಕದಲ್ಲಿ ಕೇಸ್ ಡೈರಿ ಬರೆದವರು.

ಹಳೇಲಾಠಿ
ನಿವೃತ್ತ ಇನ್‌ಸ್ಪೆಕ್ಟರ್ ನಾನು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀರಿಗಿಳಿಯದೆ ಈಜು ಬರುವುದಿಲ್ಲ. ನನಗೆ ನಾಯಕತ್ವ ಕಲಿಸಿದ್ದು ಬಂದೋಬಸ್ತ್. ಎರಡು ಗುಂಪಿನ ನಡುವೆ ಸಿಕ್ಕಿಕೊಂಡಾಗ ನಮ್ಮ ಸಾಹೇಬರು ಎಲ್ಲರಿಗಿಂತ ಮುಂದೆ ನಿಂತಿದ್ದರು. ಕಲ್ಲು ಮೊದಲು ಬಿದ್ದದ್ದು ಅವರ ಹೆಲ್ಮೆಟ್ ಮೇಲೆ. ಆಮೇಲೆ ಅವರು ಹೇಳಿದ್ದಕ್ಕೆ ಯಾರೂ ಇಲ್ಲ ಅಂದಿಲ್ಲ. ಇದಕ್ಕೆ ಯಾವ ವಿಡಿಯೋ ಮಾಡುತ್ತೀರಿ?

ಪಾಠದ ಮೇಷ್ಟ್ರು
@ಹಳೇಲಾಠಿ ಸರ್, ಗೌರವದಿಂದಲೇ ಒಂದು ಮಾತು. ನಿಮಗೆ ಅಂಥ ಸಾಹೇಬರು ಸಿಕ್ಕಿದರು. ಕಲ್ಲು ಬಿದ್ದಾಗ ಜೀಪಿನೊಳಗೆ ಕೂತ ಸಾಹೇಬರು ಸಿಕ್ಕವರು ಏನು ಕಲಿತರು? ಅನುಭವ ಒಳ್ಳೆಯದನ್ನೂ ಕಲಿಸುತ್ತದೆ, ಕೆಟ್ಟದ್ದನ್ನೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತದೆ.

ಪೊಲೀಸರಿಗಾಗಿ ಇಂಥ ಕೋರ್ಸ್ ತಯಾರಿಸುವ ಕೆಲಸ ನನ್ನದು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಆನ್‌ಲೈನ್‌ನಲ್ಲಿ ಕೆಲವು ವಿಷಯ ಚೆನ್ನಾಗಿ ಹೋಗುತ್ತವೆ. ಕಾನೂನು ತಿದ್ದುಪಡಿ, ವಿಚಾರಣೆಯ ನಿಯಮ, ಒಂದು ನಿರ್ಧಾರವನ್ನು ಹಂತ ಹಂತವಾಗಿ ಯೋಚಿಸುವ ರೀತಿ. ದೂರದ ಹೊರಠಾಣೆಯಲ್ಲಿ ಇರುವವರಿಗೆ ಅಕಾಡೆಮಿಗೆ ಹೋಗುವ ಅವಕಾಶ ಹತ್ತು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಅವರಿಗೆ ಇದು ಬೇಕು. ಇಂಟರ್‌ಪೋಲ್‌ಗೂ ವರ್ಚುವಲ್ ಅಕಾಡೆಮಿ ಇದೆ. ಬುಡಾಪೆಸ್ಟ್‌ನಲ್ಲಿರುವ ಯೂರೋಪಿನ ಪೊಲೀಸ್ ತರಬೇತಿ ಸಂಸ್ಥೆ ಸೆಪೋಲ್ ಕೂಡ ಆನ್‌ಲೈನ್ ಪಾಠ ನಡೆಸುತ್ತದೆ. ಇವರೆಲ್ಲ ದಡ್ಡರಲ್ಲ ಅಲ್ವಾ?

ಆದರೆ ಒಬ್ಬ ಮನುಷ್ಯನ ಎದುರು ಕೂತು ಕಷ್ಟದ ಮಾತು ಆಡುವುದು ವಿಡಿಯೋದಿಂದ ಬರುವುದಿಲ್ಲ. ಅದನ್ನು ಆಡಿಯೇ ಕಲಿಯಬೇಕು. ಎಷ್ಟೋ ಕೋರ್ಸ್‌ಗಳು ಆ ಭಾಗವನ್ನೇ ಬಿಟ್ಟು ಕೊನೆಗೆ "ಸರಿ ಉತ್ತರ ಆರಿಸಿ" ಅಂತ ಮುಗಿಸಿಬಿಡುತ್ತವೆ. ಅದು ನಮ್ಮ ತಪ್ಪೇ.

ಮೂರುಪಟ್ಟಿ
ಹೊಸ ಎಸ್ಐ ಸರ್, ನಾನು ಹೆಡ್ ಕಾನ್‌ಸ್ಟೇಬಲ್, ಮಹಿಳೆ, 19 ವರ್ಷ ಸರ್ವಿಸ್. ನಿಮ್ಮ ಹೆಡ್ ಕಾನ್‌ಸ್ಟೇಬಲ್ ಪರವಾಗಿ ಮಾತಾಡಲಾ?

ನೀವು ಕೇಳಿದ್ದು ಎಲ್ಲಿ? ರೋಲ್ ಕಾಲ್‌ನಲ್ಲಿ. ಅಟೆನ್ಷನ್‌ನಲ್ಲಿ ನಿಲ್ಲಿಸಿ ಅಭಿಪ್ರಾಯ ಕೇಳಿದರೆ ಯಾರು ಬಾಯಿ ಬಿಡುತ್ತಾರೆ? ಬೀಟ್ ಸರಿಯಿಲ್ಲ ಅಂದರೆ ಬೀಟ್ ಹಾಕಿದವರ ಮೇಲೆ ದೂರು ಹೇಳಿದ ಹಾಗೆ. ಬೀಟ್ ಹಾಕಿದವರು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾರೆ. ನಾಳೆ ಅದೇ ವ್ಯಕ್ತಿಯ ಹತ್ತಿರ ರಜೆ ಕೇಳಬೇಕು.

ಜೀಪಿನಲ್ಲಿ ಕೇಳಿ. ಒಬ್ಬರನ್ನೇ ಕೇಳಿ. "ಅಭಿಪ್ರಾಯ" ಅನ್ನುವ ಪದ ಬಿಡಿ. "ನಿನ್ನೆ ರಾತ್ರಿ ಆ ಗಲಾಟೆಯಲ್ಲಿ ಏನಾಯ್ತು?" ಅಂತ ಕೇಳಿ ಸುಮ್ನೆ ಇರಿ. ನಡುವೆ ಬಾಯಿ ಹಾಕಬೇಡಿ. ನಮ್ಮವರಿಗೆ ಕಥೆ ಹೇಳಲು ಬರುತ್ತದೆ, ಸಲಹೆ ಕೊಡಲು ಭಯ.

ಕೇಳುಗ
"ಕಥೆ ಹೇಳಲು ಬರುತ್ತದೆ, ಸಲಹೆ ಕೊಡಲು ಭಯ." ಮೇಡಂ, ಇದನ್ನು ಕೋರ್ಸಿನ ಮೊದಲ ಸ್ಲೈಡ್ ಮಾಡಬೇಕು.

ರಾತ್ರಿಪಾಳಿ
ಸ್ಲೈಡ್ ಮಾಡಿದರೆ ಅದನ್ನೂ ಮ್ಯೂಟ್ ಮಾಡುತ್ತೇವೆ.

ಹಳೇಲಾಠಿ
@ಮೂರುಪಟ್ಟಿ ಮಾತು ಸರಿ ಇದೆಯಮ್ಮ. ಆದರೆ ಎಲ್ಲದಕ್ಕೂ ಕೇಳುತ್ತಾ ಕೂತರೆ ಪೊಲೀಸ್ ಕೆಲಸ ನಡೆಯುವುದಿಲ್ಲ. ಗುಂಪು ಗೇಟ್ ಮುರಿಯುತ್ತಿರುವಾಗ "ನಿಮಗೇನನ್ನಿಸುತ್ತೆ" ಅಂತ ಕೇಳಲು ಆಗುತ್ತದೆಯೇ? ಅಲ್ಲಿ ಆರ್ಡರ್, ಅಷ್ಟೇ.

ಎಂಬಿಎ ಖಾಕಿ
ಅದಕ್ಕೇ ಸಿಚುಯೇಷನಲ್ ಲೀಡರ್‌ಶಿಪ್ ಅಂತ ಇರುವುದು ಸರ್. ಅಮೆರಿಕದ ಮ್ಯಾನೇಜ್‌ಮೆಂಟ್ ಪಂಡಿತರು ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲೇ ಹೇಳಿದ್ದು. ಹೊಸಬನಿಗೆ ಹೀಗೆ ಮಾಡು ಅಂತ ನೇರವಾಗಿ ಹೇಳಬೇಕು. ಸ್ವಲ್ಪ ಪಳಗಿದವನಿಗೆ ಏಕೆ ಅಂತಲೂ ವಿವರಿಸಬೇಕು. ಕೆಲಸ ಬಲ್ಲವನ ಜೊತೆ ನಿಂತರೆ ಸಾಕು. ಪೂರ್ತಿ ನುರಿತವನಿಗೆ ಕೆಲಸ ಒಪ್ಪಿಸಿ ದೂರ ಇರಬೇಕು. ಒಬ್ಬನೇ ಅಧಿಕಾರಿ ನಾಲ್ಕು ಥರ ಇರಬೇಕಾಗುತ್ತದೆ. ಎಲ್ಲ ಪೊಲೀಸ್ ಕೋರ್ಸ್‌ನಲ್ಲೂ ಇದು ಇರಲೇಬೇಕು.

ಪಾಠದ ಮೇಷ್ಟ್ರು
ಇದ್ದೇ ಇರುತ್ತದೆ, ಅದೇ ತಲೆನೋವು. ಕೇಳಲು ಚೆನ್ನಾಗಿದೆ, ನೆನಪಿಡಲು ಸುಲಭ. ಆದರೆ ಸಂಶೋಧಕರು ಪರೀಕ್ಷಿಸಿದಾಗ ಅದಕ್ಕೆ ಗಟ್ಟಿ ಬೆಂಬಲ ಸಿಕ್ಕಿಲ್ಲ. ಹೊಸಬರ ವಿಷಯದಲ್ಲಿ ಸ್ವಲ್ಪ ಹೊಂದುತ್ತದೆ, ಉಳಿದ ಕಡೆ ಅಷ್ಟಕ್ಕಷ್ಟೆ. ಯೋಚನೆಗೆ ಒಂದು ದಾರಿ ಅಂತ ಬಳಸಿ, ವೇದವಾಕ್ಯ ಮಾಡಬೇಡಿ.

ಹಳೇಲಾಠಿ ಸರ್ ಹೇಳಿದ ಗೇಟ್ ಮುರಿಯುವ ಕ್ಷಣಕ್ಕೆ ಬರೋಣ. ಆಗ ಆರ್ಡರ್ ಬೇಕು, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಗೇಟ್ ಮುರಿಯುವ ಕ್ಷಣ ವರ್ಷದಲ್ಲಿ ಎಷ್ಟು ಸಲ ಬರುತ್ತದೆ? ಉಳಿದ ದಿನಗಳಲ್ಲೂ ನಾವು ಗೇಟ್ ಮುರಿಯುತ್ತಿದೆ ಅನ್ನುವ ಹಾಗೆಯೇ ಮಾತಾಡುತ್ತೇವೆ.

ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರಿಗೆ ಒಂದು ನಿರ್ಧಾರದ ಮಾದರಿ ಕಲಿಸುತ್ತಾರೆ. ನಡುವೆ ನೀತಿಸಂಹಿತೆ, ಅದರ ಸುತ್ತ ಐದು ಹೆಜ್ಜೆ. ಮಾಹಿತಿ ಸೇರಿಸು, ಅಪಾಯ ಅಳೆ, ನಿನಗಿರುವ ಅಧಿಕಾರ ಮತ್ತು ನಿಯಮ ನೋಡು, ಇರುವ ದಾರಿಗಳನ್ನು ಯೋಚಿಸು, ಮಾಡು ಮತ್ತು ಆಮೇಲೆ ಪರಿಶೀಲಿಸು. ಕೊನೆಯದನ್ನೇ ಎಲ್ಲರೂ ಬಿಡುವುದು. ಕೆಲಸ ಮುಗಿಯಿತಾ, ಮನೆಗೆ ಓಡು.

ಹಳೇಲಾಠಿ
ಮನೆಗೆ ಓಡಲು ಬಿಡುವವರು ಯಾರು ಮೇಷ್ಟ್ರೇ? ಬಂದೋಬಸ್ತ್ ಮುಗಿದ ಕೂಡಲೇ ಇನ್ನೊಂದು ಬಂದೋಬಸ್ತ್.

ಖಾಕಿ ಮನೆಯಾಕೆ
ವಿಷಯಾಂತರಕ್ಕೆ ಕ್ಷಮಿಸಿ. ನಮ್ಮ ಮನೆಯವರ ನಾಯಕತ್ವ ಕೋರ್ಸ್ ಪಾಸು ಮಾಡಿದ್ದು ನಾನು. ಅವರು ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದರು, ಅಂದೇ ಕೊನೆಯ ದಿನ. ಫೋನ್‌ಗೆ ಓಟಿಪಿ ಬಂತು, ನಾನೇ ಕೂತು ಉತ್ತರ ಒತ್ತಿದೆ. ಆರು ಮಾಡ್ಯೂಲ್! "ಭಾವನಾತ್ಮಕ ಬುದ್ಧಿವಂತಿಕೆ"ಯಲ್ಲಿ ನೂರಕ್ಕೆ ನೂರು. ಎದ್ದ ಮೇಲೆ ಹೇಳಿದರೆ, "ಒಳ್ಳೇದಾಯ್ತು ಬಿಡು" ಅಂದರು. ಅಷ್ಟೇ ಭಾವನೆ.

ರಾತ್ರಿಪಾಳಿ
ಅಕ್ಕ, ಸರ್ಟಿಫಿಕೇಟ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ 😂

ಬೆರಳಚ್ಚು
ಮನೆಯಾಕೆ ಒಬ್ಬರ ಕೋರ್ಸ್ ಮಾತ್ರ ಮಾಡಿದರು. ನಾನು ಠಾಣೆಯ ಕಂಪ್ಯೂಟರ್ ಕಾನ್‌ಸ್ಟೇಬಲ್. ಹಿಂದೆ ಇದ್ದ ಠಾಣೆಯಲ್ಲಿ 11 ಜನರ ಪಾಸ್‌ವರ್ಡ್ ನನ್ನ ಡೈರಿಯಲ್ಲಿತ್ತು. ಮೇಲಿನಿಂದ "ಎಷ್ಟು ಶೇಕಡಾ ಮುಗಿದಿದೆ" ಅಂತ ಫೋನ್ ಬಂದ ಕೂಡಲೇ ನನಗೆ ಓವರ್‌ಟೈಮ್. ಪ್ರಾಮಾಣಿಕತೆ ಮತ್ತು ಹೊಣೆಗಾರಿಕೆ ಅನ್ನುವ ಮಾಡ್ಯೂಲನ್ನು 11 ಸಲ ಮುಗಿಸಿದ್ದೇನೆ, ಬೇರೆಯವರ ಹೆಸರಿನಲ್ಲಿ. ಇದಕ್ಕಿಂತ ಹೆಚ್ಚು ಏನೂ ಹೇಳುವುದಿಲ್ಲ.

ಕೇಳುಗ
ಇದು ನಗುವ ವಿಷಯ ಅಲ್ಲ ರೀ. ನಾಳೆ ಒಂದು ಅನಾಹುತ ಆದರೆ "ಎಲ್ಲರಿಗೂ ತರಬೇತಿ ಕೊಟ್ಟಿದ್ದೆವು, ಇಲ್ಲಿದೆ ನೋಡಿ ದಾಖಲೆ" ಅಂತ ತೋರಿಸುತ್ತಾರೆ. ಆಗ ಸಿಕ್ಕಿಹಾಕಿಕೊಳ್ಳುವವನು ಆ ಕೋರ್ಸ್ ನೋಡದೇ ಇದ್ದ ಕಾನ್‌ಸ್ಟೇಬಲ್.

ಬೆರಳಚ್ಚು
ಗೊತ್ತು. ಅದಕ್ಕೇ ಈಗಿನ ಠಾಣೆಯಲ್ಲಿ ಯಾರ ಪಾಸ್‌ವರ್ಡ್ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅದರಿಂದ ನನ್ನ ಮೇಲೆ ಎಷ್ಟು ಜನಕ್ಕೆ ಸಿಟ್ಟಿದೆ ಅಂತಲೂ ಗೊತ್ತು.

ಎಂಬಿಎ ಖಾಕಿ
ಅಳೆಯುವ ರೀತಿಯಲ್ಲೇ ಎಡವಟ್ಟಿದೆ. ಕರ್ಕ್‌ಪ್ಯಾಟ್ರಿಕ್ ಅನ್ನುವವರು 1959ರಲ್ಲೇ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಿರಿ ಅಂದಿದ್ದರು. ಕಲಿತವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕೆಲಸದಲ್ಲಿ ನಡೆ ಬದಲಾಯಿತೇ, ಕೊನೆಗೆ ಫಲ ಸಿಕ್ಕಿತೇ. ನಾವು ಇನ್ನೂ ಸೊನ್ನೆಯ ಮಟ್ಟದಲ್ಲಿದ್ದೇವೆ: ಲಾಗಿನ್ ಆಯಿತೇ?

ಪಾಠದ ಮೇಷ್ಟ್ರು
ಒಪ್ಪಿದೆ. ಮೂರನೇ ಮಟ್ಟ ಅಳೆಯಬೇಕಾದರೆ ಎಸ್ಐ ಬಗ್ಗೆ ಕಾನ್‌ಸ್ಟೇಬಲ್‌ಗಳನ್ನು ಕೇಳಬೇಕು. ಅದಕ್ಕೆ ಯಾರು ತಯಾರಿದ್ದಾರೆ?

ಹಳೇಲಾಠಿ
ಕೇಳಿದರೆ ಶಿಸ್ತು ಉಳಿಯುತ್ತದೆಯೇ? ಕಟ್ಟುನಿಟ್ಟಿನವನಿಗೆ ಎಲ್ಲರೂ ಸೊನ್ನೆ ಕೊಡುತ್ತಾರೆ. ಬಂದಷ್ಟು ಬರಲಿ ಅಂತ ಬಿಟ್ಟವನಿಗೆ ನೂರು.

ಮೂರುಪಟ್ಟಿ
ಇಲ್ಲ ಸರ್. ಕಟ್ಟುನಿಟ್ಟಿನವರು ನಮಗೆ ಇಷ್ಟವೇ. ಒಬ್ಬನಿಗೊಂದು ನಿಯಮ ಇನ್ನೊಬ್ಬನಿಗೊಂದು ನಿಯಮ ಮಾಡುವವರು ಇಷ್ಟವಿಲ್ಲ. ನಾನು ಕಂಡ ಅತ್ಯಂತ ಕಟ್ಟುನಿಟ್ಟಿನ ಇನ್‌ಸ್ಪೆಕ್ಟರ್ ವರ್ಗವಾಗಿ ಹೋಗುವಾಗ ಲಾಕಪ್ ಗಾರ್ಡ್ ಕೂಡ ಅತ್ತಿದ್ದ. ಡ್ಯೂಟಿ ಪಟ್ಟಿ ಗೋಡೆಗೆ ಹಚ್ಚುತ್ತಿದ್ದರು, ಯಾರಿಗೆ ಎಷ್ಟು ರಾತ್ರಿ ಅಂತ ಎಲ್ಲರಿಗೂ ಕಾಣಬೇಕು ಅಂತ. ಅಷ್ಟೇ ಮಾಡಿದ್ದು ಅವರು.

ದಾರಿಹೋಕ
ನಾನು ಪೊಲೀಸ್ ಅಲ್ಲ, ಸಂಶೋಧನೆ ಓದುವ ಹುಚ್ಚು. ಮೂರುಪಟ್ಟಿ ಮೇಡಂ ಜೀಪಿನಲ್ಲಿ ಕೇಳಿ ಅಂದರಲ್ಲ, ಅದಕ್ಕೆ ತುಂಬಾ ಹತ್ತಿರದ ಒಂದು ಪ್ರಯೋಗ ಅಮೆರಿಕದ ಸಿಯಾಟಲ್ ಪೊಲೀಸರಲ್ಲಿ ನಡೆದಿದೆ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ಬಹಳ ಸರಳ. ಕೆಲವು ಪೊಲೀಸರನ್ನು ಲಾಟರಿ ಎತ್ತಿದ ಹಾಗೆ ಆರಿಸಿದರು. ಅವರ ಮೇಲಧಿಕಾರಿ ಅವರನ್ನು ಕೂರಿಸಿಕೊಂಡು ಇತ್ತೀಚೆಗೆ ನಡೆದ ಒಂದು ಮಾಮೂಲಿ ಘಟನೆಯ ಬಗ್ಗೆ ಮಾತಾಡಿದರು. ತಪ್ಪು ಹುಡುಕಲು ಅಲ್ಲ, ಶಿಕ್ಷೆಗೂ ಅಲ್ಲ. ಏನಾಯ್ತು, ಆಗ ಏನು ಯೋಚಿಸಿದೆ, ಬೇರೆ ಏನು ಮಾಡಬಹುದಿತ್ತು. ಸಾರ್ವಜನಿಕರ ಜೊತೆ ಪೊಲೀಸರು ಹೇಗೆ ಮಾತಾಡಬೇಕು ಅಂತ ಬಯಸುತ್ತೇವೋ, ಅದೇ ಮರ್ಯಾದೆಯಿಂದ ಮೇಲಧಿಕಾರಿ ತನ್ನವರ ಜೊತೆ ಮಾತಾಡಿದ್ದು.

ಹಾಗೆ ಮಾತಾಡಿಸಿಕೊಂಡವರು ಮುಂದಿನ ವಾರಗಳಲ್ಲಿ ಉಳಿದವರಿಗಿಂತ ಕಡಿಮೆ ಬಂಧನ ಮಾಡಿದರು, ಬಲಪ್ರಯೋಗವೂ ಕಡಿಮೆಯಾಯಿತು. ಕೆಲಸ ಕದ್ದರು ಅಂತಲ್ಲ, ಜನರ ಬಳಿ ಹೋಗುವುದು ಹಾಗೇ ಇತ್ತು.

ರಾತ್ರಿಪಾಳಿ
ಅಂದರೆ ಮೇಲಿನವರು ನಮ್ಮನ್ನು ಮನುಷ್ಯರ ಥರ ನೋಡಿದರೆ ನಾವು ಜನರನ್ನು ಮನುಷ್ಯರ ಥರ ನೋಡುತ್ತೇವೆ. ಇದಕ್ಕೆ ಸಂಶೋಧನೆ ಬೇಕಿತ್ತಾ?

ದಾರಿಹೋಕ
ಬೇಕಿತ್ತು. "ನಮಗೆ ಗೊತ್ತೇ ಇತ್ತು" ಅನ್ನುವವರು ಇಷ್ಟು ವರ್ಷ ಅದನ್ನು ಮಾಡಲಿಲ್ಲವಲ್ಲ.

ಹಳೇಲಾಠಿ
ಆದರೆ ಅದು ಆನ್‌ಲೈನ್ ಅಲ್ಲ. ಎದುರಾಬದುರು ಕೂತದ್ದು. ನನ್ನ ವಾದವೇ ಗೆದ್ದಂತಾಯಿತು.

ಪಾಠದ ಮೇಷ್ಟ್ರು
ಅರ್ಧ ಗೆದ್ದಿರಿ ಸರ್. ಆ ಮೇಲಧಿಕಾರಿಗೆ ಹಾಗೆ ಮಾತಾಡುವುದು ಹುಟ್ಟಿನಿಂದ ಬರಲಿಲ್ಲ, ಕಲಿಸಿದರು. ಕಲಿಕೆ ಎಲ್ಲಿ ನಡೆಯಿತು ಅನ್ನುವುದಕ್ಕಿಂತ, ಕಲಿತದ್ದನ್ನು ಮರುವಾರವೇ ಮಾಡಲು ಜಾಗ ಸಿಕ್ಕಿತೇ ಅನ್ನುವುದು ಮುಖ್ಯ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ, ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ದಿನವೇ ಸೋರಿಹೋಗುತ್ತದೆ ಅಂತ. ಆರು ವಾರ ವಿಡಿಯೋ ನೋಡಿ ಏಳನೇ ವಾರ ನಾಯಕರಾಗಿ ಅಂದರೆ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಇವತ್ತು 20 ನಿಮಿಷ ನೋಡು, ನಾಳೆ ಒಬ್ಬರ ಜೊತೆ ಅದನ್ನು ಮಾಡು, ನಾಡಿದ್ದು ಏನಾಯ್ತು ಅಂತ ಬರೆ. ಕೋರ್ಸ್ ಹೀಗಿರಬೇಕು. ನಾನು ಹೀಗೊಂದು ಮಾಡಿ ಕೊಟ್ಟಿದ್ದೆ. "ಜಾಸ್ತಿ ದಿನ ಹಿಡಿಯುತ್ತದೆ, ಶೇಕಡಾವಾರು ಕಡಿಮೆ ಕಾಣುತ್ತದೆ" ಅಂತ ವಾಪಸ್ ಕಳಿಸಿದರು.

ಇನ್ನೊಂದು. ಕಲಿತವನ ಮೇಲಧಿಕಾರಿ ಕೂಡ ಅದೇ ಕೋರ್ಸ್ ಮಾಡಿರಬೇಕು. ಇಲ್ಲದಿದ್ದರೆ ಎಸ್ಐ ಸುಧಾರಿಸಿದ ದಿನವೇ ಇನ್‌ಸ್ಪೆಕ್ಟರ್ ಹೇಳುತ್ತಾರೆ, "ಏನ್ರೀ ಹರಟೆ ಹೊಡೆಯುತ್ತಾ ಕೂತಿದ್ದೀರಿ?"

ಹೊಸ ಎಸ್ಐ
ಕೊನೆಯ ಸಾಲು ಓದಿ ನಕ್ಕೆ, ಆಮೇಲೆ ನಗು ನಿಂತಿತು. ಮೂರುಪಟ್ಟಿ ಮೇಡಂ ಹೇಳಿದ್ದನ್ನು ಮಾಡಿ ನೋಡುತ್ತೇನೆ. ಎರಡು ವಾರ ಕೊಡಿ.

ಎಂಬಿಎ ಖಾಕಿ
ಮಾಡುವಾಗ ನಾಲ್ಕು ಪ್ರಶ್ನೆ ಇಟ್ಟುಕೊಳ್ಳಿ. ಏನು ಆಗಬೇಕಿತ್ತು, ಏನು ಆಯಿತು, ಯಾಕೆ ವ್ಯತ್ಯಾಸ ಬಂತು, ಮುಂದಿನ ಸಲ ಏನು ಮಾಡೋಣ. ಅಮೆರಿಕದ ಸೈನ್ಯ 1970ರ ದಶಕದಿಂದ ಬಳಸುತ್ತಿರುವ ರೀತಿ. ಅಲ್ಲಿ ರ‍್ಯಾಂಕ್ ಪಕ್ಕಕ್ಕಿಟ್ಟು ಮಾತಾಡಬೇಕು ಅನ್ನುವುದೇ ನಿಯಮ.

ರಾತ್ರಿಪಾಳಿ
ರ‍್ಯಾಂಕ್ ಪಕ್ಕಕ್ಕೆ ಇಡಲು ನಮ್ಮಲ್ಲಿ ಟೇಬಲ್ ಮೇಲೆ ಜಾಗವೇ ಇಲ್ಲ, ಫೈಲು.

ಮೂರುಪಟ್ಟಿ
ನಾಲ್ಕು ಪ್ರಶ್ನೆ ಒಂದೇ ಸಲ ಕೇಳಬೇಡಿ ಸರ್, ವಿಚಾರಣೆ ಅಂದುಕೊಳ್ಳುತ್ತಾರೆ.

ಹೊಸ ಎಸ್ಐ
ಎರಡು ವಾರ ಅಂದಿದ್ದೆ, ಮೂರಾಯಿತು. ವರದಿ ಒಪ್ಪಿಸುತ್ತಿದ್ದೇನೆ.

ರಾತ್ರಿ ರೌಂಡ್ಸ್‌ನಲ್ಲಿ ಜೀಪಿನಲ್ಲಿ ಒಬ್ಬೊಬ್ಬರನ್ನೇ ಜೊತೆಗೆ ಕರೆದುಕೊಂಡು ಹೋದೆ. ಮೊದಲ ಮೂರು ದಿನ ಏನೂ ಇಲ್ಲ. "ಎಲ್ಲಾ ಆರಾಮ್ ಸರ್." ನಾಲ್ಕನೇ ರಾತ್ರಿ ಒಬ್ಬ ಕಾನ್‌ಸ್ಟೇಬಲ್‌ಗೆ ಹಿಂದಿನ ವಾರದ ಅಪಘಾತದ ಬಗ್ಗೆ ಕೇಳಿದೆ. ನಾನು ಬಾಯಿ ಮುಚ್ಚಿ ಕೂತಿದ್ದು ಐದು ನಿಮಿಷ ಇರಬಹುದು, ನನಗೆ ಒಂದು ಗಂಟೆ ಅನ್ನಿಸಿತು. ಆಮೇಲೆ ಅವರೇ ಶುರು ಮಾಡಿದರು. ಆ ಅಪಘಾತಕ್ಕೆ ಆಂಬುಲೆನ್ಸ್ ಕರೆಸಲು ತಡವಾಗಿದ್ದು ಯಾಕೆಂದರೆ ಅವರ ವಾಕಿಟಾಕಿ ಸತ್ತಿತ್ತು. ಆ ಬೀಟ್‌ನ ಎರಡು ಸೆಟ್‌ನ ಬ್ಯಾಟರಿ ರಾತ್ರಿ ಎರಡರ ಮೇಲೆ ನಿಲ್ಲುವುದಿಲ್ಲ. ಮೂರು ತಿಂಗಳಿಂದ ಹೀಗೇ. ಬೀಟ್‌ನವರಿಗೆಲ್ಲ ಗೊತ್ತು, ಠಾಣೆಯ ದಾಖಲೆ ಬರೆಯುವ ರೈಟರ್‌ಗೂ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ. ತಡವಾದದ್ದಕ್ಕೆ ನಾನು ಅವರಿಗೆ ಮೆಮೊ ಕೊಡುವವನಿದ್ದೆ.

ಬ್ಯಾಟರಿ ಬದಲಾಯಿಸಲು ಎರಡು ದಿನ ಹಿಡಿಯಿತು. ಅದಾದ ಮೇಲೆ ಇನ್ನೂ ಮೂವರು ಮಾತಾಡಿದರು. ಒಬ್ಬರು ಮಾತ್ರ ಬೇರೆ ಥರದ ವಿಷಯ ಹೇಳಿದರು. ಎರಡು ತಿಂಗಳ ಹಿಂದೆ ನಾನು ಅವರನ್ನು ದೂರು ಕೊಡಲು ಬಂದ ಜನರ ಎದುರೇ ಬೈದಿದ್ದೆನಂತೆ. "ಅವತ್ತಿನಿಂದ ಆ ಬೀದಿಯವರು ನನ್ನ ಮಾತು ಕೇಳುತ್ತಿಲ್ಲ ಸರ್" ಅಂದರು. ನನಗೆ ಆ ಘಟನೆಯೇ ನೆನಪಿರಲಿಲ್ಲ. ಅದೇ ಜಾಸ್ತಿ ನಾಚಿಕೆಯಾಯಿತು. ತಪ್ಪಾಯ್ತು ಅಂದೆ. ಮರುದಿನ ಅವರನ್ನೇ ಕರೆದುಕೊಂಡು ಆ ಬೀದಿಗೆ ಹೋಗಿ, ಈ ಬೀದಿಯ ವಿಷಯ ಏನಿದ್ದರೂ ಮೊದಲು ಇವರಿಗೆ ಹೇಳಿ ಅಂತ ಜನರಿಗೆ ಹೇಳಿ ಬಂದೆ.

ಹಳೇಲಾಠಿ
ಬ್ಯಾಟರಿ ವಿಷಯಕ್ಕೆ ಶಹಬ್ಬಾಸ್. ಆದರೆ ಕೈಕೆಳಗಿನವರ ಹತ್ತಿರ ತಪ್ಪಾಯ್ತು ಅನ್ನಬಾರದಿತ್ತು. ಒಮ್ಮೆ ಸಡಿಲ ಬಿಟ್ಟರೆ ಮತ್ತೆ ಹಿಡಿತ ಸಿಗುವುದಿಲ್ಲ. ಜನರ ಮುಂದೆ ಅವರಿಗೆ ಮರ್ಯಾದೆ ಕೊಟ್ಟಿರಲ್ಲ, ಅಷ್ಟೇ ಸಾಕಿತ್ತು.

ಮೂರುಪಟ್ಟಿ
ನನಗೆ 19 ವರ್ಷದಲ್ಲಿ ಒಬ್ಬ ಅಧಿಕಾರಿ ಒಮ್ಮೆ ತಪ್ಪಾಯ್ತು ಅಂದಿದ್ದಾರೆ. ಅವರು ಕರೆದರೆ ಇವತ್ತಿಗೂ ವೀಕ್ಲಿ ಆಫ್ ಬಿಟ್ಟು ಹೋಗುತ್ತೇನೆ.

ಹಳೇಲಾಠಿ
ನೀನು ಹೋಗುತ್ತೀಯಮ್ಮ. ಎಲ್ಲರೂ ನಿನ್ನ ಹಾಗಿರುವುದಿಲ್ಲ.

ದಾರಿಹೋಕ
ನ್ಯೂ ಆರ್ಲಿಯನ್ಸ್ ಪೊಲೀಸರು 2016ರಲ್ಲಿ ಒಂದು ತರಬೇತಿ ಶುರು ಮಾಡಿದರು. ಜೊತೆಯವನು ತಪ್ಪು ಮಾಡಲು ಹೊರಟಾಗ ಅವನನ್ನು ತಡೆಯುವುದು ಹೇಗೆ ಅಂತ. ಮೇಲಿನವರನ್ನೂ ತಡೆಯಬಹುದು, ತಡೆಸಿಕೊಂಡವರು ಸಿಟ್ಟಾಗಬಾರದು ಅನ್ನುವುದೂ ಅದರಲ್ಲಿದೆ. ಹಳೇಲಾಠಿ ಸರ್ ಒಪ್ಪಲಾರರು ಅಂತ ಗೊತ್ತು.

ಹಳೇಲಾಠಿ
ಒಪ್ಪುವುದಿಲ್ಲ. ಆದರೆ ನನ್ನ ಸರ್ವಿಸ್‌ನಲ್ಲಿ ಒಂದು ರಾತ್ರಿ ಲಾಕಪ್‌ನಲ್ಲಿ ಯಾರಾದರೂ ನನ್ನ ಕೈ ಹಿಡಿದು ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆ ವಿಷಯ ಇಲ್ಲಿ ಬೇಡ.

ಪಾಠದ ಮೇಷ್ಟ್ರು
ಬೇಡ ಸರ್. ಬರೆದದ್ದಕ್ಕೆ ಧನ್ಯವಾದ.

@ಹೊಸ ಎಸ್ಐ, ನಿಮ್ಮ ಇನ್‌ಸ್ಪೆಕ್ಟರ್ ಏನಂದರು?

ಹೊಸ ಎಸ್ಐ
"ರೌಂಡ್ಸ್‌ನಲ್ಲಿ ದಿನಾ ಒಬ್ಬೊಬ್ಬರನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ" ಅಂತ ಕೇಳಿದರು. ಬ್ಯಾಟರಿ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಬೀಟ್‌ಗಳ ಸೆಟ್ ಕೂಡ ಚೆಕ್ ಮಾಡಿಸಿ ಅಂದರು. ಹೊಗಳಲಿಲ್ಲ, ಬೈಯಲೂ ಇಲ್ಲ.

ಮೂರುಪಟ್ಟಿ
ಅದು ಹೊಗಳಿಕೆಯೇ ಸರ್, ನಮ್ಮ ಇಲಾಖೆಯಲ್ಲಿ. ಅಂದಹಾಗೆ ಆ ಹಿರಿಯ ಹೆಡ್ ಕಾನ್‌ಸ್ಟೇಬಲ್? "ನೀವು ಹೇಳಿ ಸರ್, ನಾವು ಮಾಡ್ತೀವಿ" ಅಂದವರು?

ಹೊಸ ಎಸ್ಐ
ಇನ್ನೂ "ಎಲ್ಲಾ ಆರಾಮ್ ಸರ್" ಹಂತದಲ್ಲೇ ಇದ್ದಾರೆ. ಎರಡು ಸಲ ಜೊತೆಗೆ ಬಂದರು, ದಾರಿಯುದ್ದಕ್ಕೂ ಮಾತಿಲ್ಲ. ಆದರೆ ನಿನ್ನೆ ಜೀಪು ಇಳಿಯುವಾಗ, "ಮುಂದಿನ ಸಲ ಕೆರೆ ಕಡೆ ರಸ್ತೆಗೆ ಹೋಗೋಣ ಸರ್, ಅಲ್ಲೊಂದು ತೋರಿಸ್ತೀನಿ" ಅಂದರು. ಏನು ಅಂತ ಹೇಳಲಿಲ್ಲ. ಗುರುವಾರ ರಾತ್ರಿ ಅವರ ಪಾಳಿ.